ಅಜ್ಜಿಯ ಮೊದಲ ಹೆಸರು

ಮಕ್ಕಳೇ, ಇಂಗ್ಲಿಷ್ ಪುಸ್ತಕಗಳಲ್ಲಿ ಹೆಂಗಸರ ಹೆಸರಿನ ಪಕ್ಕ ‘ನೇ’ ಎಂಬ ಪುಟ್ಟ ಪದ ನೋಡಿದ್ದೀರಾ? ಅದು ಫ್ರೆಂಚ್ ಪದ. ಅರ್ಥ ‘ಹುಟ್ಟಿದ’. ಅದರ ನಂತರ ಬರುವುದು ಆಕೆಯ ಮದುವೆಗೆ ಮುಂಚಿನ ಮನೆತನದ ಹೆಸರು. ಉದಾಹರಣೆಗೆ: ಮಿಶೆಲ್ ಒಬಾಮ, ನೇ ರಾಬಿನ್ಸನ್.

ಕನ್ನಡದಲ್ಲಿ ಇದನ್ನು ‘ತವರಿನ ಹೆಸರು’ ಅನ್ನಬಹುದು. ಆದರೆ ನಮ್ಮಲ್ಲಿ ಎಲ್ಲರಿಗೂ ಮನೆತನದ ಹೆಸರು ಇರುವುದಿಲ್ಲ. ಅನೇಕರಿಗೆ ಬದಲಾಗುತ್ತಿದ್ದುದು ಇನಿಷಿಯಲ್: ಅಪ್ಪನ ಹೆಸರಿನ ಅಕ್ಷರ ಹೋಗಿ ಗಂಡನದು ಬರುತ್ತಿತ್ತು. ‘ಫಣಿಯಮ್ಮ’ ಕಾದಂಬರಿ ಬರೆದ ಎಂ.ಕೆ. ಇಂದಿರಾ ಅವರ ತಂದೆ ಸೂರ್ಯನಾರಾಯಣರಾಯರು. ಹೆಸರಿನಲ್ಲಿರುವ ‘ಕೆ’ ಮಾತ್ರ ಗಂಡ ಕೃಷ್ಣರಾಯರದು.

ಕೆಲವು ಮನೆಗಳಲ್ಲಂತೂ ಮದುವೆಯ ದಿನ ತಟ್ಟೆಯ ಅಕ್ಕಿಯಲ್ಲಿ ಹೊಸ ಹೆಸರು ಬರೆಸಿ, ಹುಡುಗಿಯ ಹೆಸರನ್ನೇ ಬದಲಿಸುತ್ತಿದ್ದರು. ಅಲ್ಲಿ ‘ನೇ’ ಎಂದು ಬರೆದಿಡುವವರು ಯಾರೂ ಇರಲಿಲ್ಲ. ಹಳೆಯ ಹೆಸರು ತವರಿನವರ ಬಾಯಲ್ಲಷ್ಟೇ ಉಳೀತು.

ನಿಮಗೊಂದು ಮನೆಗೆಲಸ. ಈ ವಾರ ಹ್ಯೂಸ್ಟನ್‌ನಿಂದ ಊರಿಗೆ ಫೋನ್ ಮಾಡಿದಾಗ ಕೇಳಿ: “ಅಜ್ಜೀ, ಚಿಕ್ಕವರಿದ್ದಾಗ ನಿಮ್ಮನ್ನ ಏನಂತ ಕರೀತಿದ್ರು?” ಅವರು ಹೇಳಿದ್ದನ್ನು ಕನ್ನಡದಲ್ಲೇ ಬರೆದಿಡಿ. ಆ ಹೆಸರು ಹಿಡಿದು ಅವರನ್ನು ಕೂಗುವವರು ಈಗ ಕಡಿಮೆ ಆಗ್ತಿದ್ದಾರೆ.