ಬೆವರದ ಮಗುವಿಗೆ ನೀರು, ನೆರಳೇ ಮದ್ದು

“ಪ್ರತಿ ಬೇಸಿಗೆ ಇವನ ಮೈ ಕೆಂಡ ಆಗ್ತದೆ ಸಿಸ್ಟರ್. ಎಷ್ಟು ಸಿರಪ್ ಹಾಕಿದ್ರೂ ಇಳಿಯಲ್ಲ. ಎಲ್ರೂ ನನ್ನ ಪಾಪ ಅಂತಾರೆ.” ಮನೆಭೇಟಿಯಲ್ಲಿ ಒಬ್ಬ ತಾಯಿ ನಮ್ಮ ಮುಂದೆ ಹೀಗೆ ಅತ್ತರು. ಮಗು ಎಂದೂ ಬೆವರಿದ್ದೇ ಇಲ್ಲವಂತೆ.

ಬೆವರು ಆರುವಾಗ ದೇಹದ ಕಾವು ಇಳಿಯುತ್ತದೆ. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಬೆವರಿನ ಗ್ರಂಥಿಗಳು ಇರುವುದಿಲ್ಲ, ಇದ್ದರೂ ತೀರಾ ಕಡಿಮೆ. ಈ ಅಪರೂಪದ ಕಾಯಿಲೆಗೆ ವೈದ್ಯರು ‘ಹೈಪೋಹೈಡ್ರೋಟಿಕ್ ಎಕ್ಟೋಡರ್ಮಲ್ ಡಿಸ್‌ಪ್ಲೇಸಿಯಾ’ ಎನ್ನುತ್ತಾರೆ. ಸಿಂಧ್ ಪ್ರಾಂತ್ಯದ ಒಂದೇ ಕುಟುಂಬದ ನಾಲ್ಕು ತಲೆಮಾರುಗಳಲ್ಲಿ ಹತ್ತು ಗಂಡಸರಿಗೆ ಇಂಥ ತೊಂದರೆ ಇತ್ತೆಂದು ಚಾರ್ಲ್ಸ್ ಡಾರ್ವಿನ್ 1875ರಲ್ಲೇ ಬರೆದಿದ್ದರು.

ಗುರುತುಗಳು: ತೆಳು ಕೂದಲು, ಹುಬ್ಬು ಕಡಿಮೆ, ಒಣ ಚರ್ಮ, ತಡವಾಗಿ ಬರುವ ಕೆಲವೇ ಹಲ್ಲುಗಳು, ಅವೂ ಮೊಳೆಯಂತೆ ಚೂಪು.

ಇದು ಯಾರ ಪಾಪವೂ ಅಲ್ಲ. ಹೆಚ್ಚಾಗಿ ತಾಯಿಯ ಎಕ್ಸ್ ವರ್ಣತಂತುವಿನಲ್ಲಿರುವ ವಂಶವಾಹಿಯ ದೋಷದಿಂದ ಬರುತ್ತದೆ. ಅಂಥ ತಾಯಿಗೆ ಹುಟ್ಟುವ ಪ್ರತಿ ಗಂಡುಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ. ಎಷ್ಟೋ ಸಲ ತಾಯಿಗೆ ಅದು ಗೊತ್ತೇ ಇರುವುದಿಲ್ಲ.

ನಾವು ಮಾಡಬೇಕಾದದ್ದು:

1. ಮೈ ಕಾದಾಗ ಮೊದಲು ನೆರಳು, ಗಾಳಿ, ಒದ್ದೆ ಬಟ್ಟೆ. ಕಾವೇರಿದ ಮೈಯನ್ನು ಜ್ವರದ ಸಿರಪ್ ಇಳಿಸದು. ತಂಪು ಮಾಡಿದ ಮೇಲೂ ಇಳಿಯದಿದ್ದರೆ, ಮಗು ಮಂಕಾದರೆ, ಫಿಟ್ಸ್ ಬಂದರೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಈ ಮಕ್ಕಳಿಗೆ ಸೋಂಕಿನ ಜ್ವರವೂ ಬರುತ್ತದೆ.
2. ಎಳೆಗೂಸಿಗೆ ಅಪಾಯ ಹೆಚ್ಚು. ಬಿಸಿಲಲ್ಲಿ ಕಂಬಳಿ, ಟೋಪಿ ಸುತ್ತಬೇಡಿ.
3. ಶಾಲೆಗೆ ನೀರಿನ ಬಾಟಲಿ, ಒದ್ದೆ ಬನಿಯನ್ ಕಳಿಸಿ. ಬಿಸಿಲಿನ ಆಟ, ಡ್ರಿಲ್ ಬೇಡವೆಂದು ಟೀಚರಿಗೆ ತಿಳಿಸಿ.
4. ಒಣ ಚರ್ಮಕ್ಕೆ ಮುಲಾಮು, ಒಣ ಕಣ್ಣಿಗೆ ಹನಿ ವೈದ್ಯರು ಕೊಡುತ್ತಾರೆ. ಚಿಕ್ಕಂದಿನಲ್ಲೇ ಹಲ್ಲಿನ ಸೆಟ್ ಹಾಕಿಸಬಹುದು. ಮಗು ಅಗಿದು ಉಣ್ಣುತ್ತದೆ, ಮಾತೂ ಸ್ಪಷ್ಟವಾಗುತ್ತದೆ.

ಜರ್ಮನಿಯ ಎರ್ಲಾಂಗೆನ್‌ನ ವೈದ್ಯರು ಗರ್ಭದಲ್ಲಿದ್ದ ಮಕ್ಕಳಿಗೇ ಕೊರತೆಯ ಪ್ರೋಟೀನು ಕೊಟ್ಟರು. ಹುಟ್ಟಿದ ಮೇಲೆ ಆ ಮಕ್ಕಳು ಬೆವರಿದರೆಂದು 2018ರಲ್ಲಿ ಪ್ರಕಟಿಸಿದರು. ಆದರೆ ಈಗಾಗಲೇ ಹುಟ್ಟಿ ನಮ್ಮ ನಡುವೆ ಇರುವ ಮಕ್ಕಳಿಗೆ ನೀರು, ನೆರಳೇ ಮದ್ದು. ಅದನ್ನು ಕೊಡಲು ಡಾಕ್ಟರೇ ಆಗಬೇಕಿಲ್ಲ. ನೆರೆಮನೆಯವರು, ಅಂಗನವಾಡಿಯವರು, ಟೀಚರು, ಯಾರಾದರೂ ಸಾಕು.

ಚಿಕ್ಕವರಿಗೆ ಕೊಡುವ ಒಂದು ಲೋಟ ತಣ್ಣೀರಿನ ಬೆಲೆ ಎಷ್ಟೆಂದು ಯೇಸುಸ್ವಾಮಿ ಹೇಳಿದ್ದಾರಲ್ಲ? ಈ ಪಾಠವನ್ನು ನಿಮ್ಮ ಸಂಘದ ಸಭೆಯಲ್ಲಿ ಓದಿ ಹೇಳಿ. ಬೆವರದ ಮಗು ನಿಮ್ಮ ಬೀದಿಯಲ್ಲೂ ಇರಬಹುದು.