ಜೀವಕೋಶದೊಳಗಿನ ಸಾಗಾಟ ಮತ್ತು ಧನುರ್ವಾಯು

ಮಳೆಗಾಲದಲ್ಲಿ ದೇಸೂರ, ಇದಲಹೊಂಡ, ಖಾನಾಪುರ ಭಾಗದ ಭತ್ತದ ಗದ್ದೆಗಳಿಗೆ ಇಳಿಯುವ ರೈತಬಾಂಧವರ ಕಾಲಿಗೆ ಮುಳ್ಳು ಚುಚ್ಚುವುದು, ಕುಡುಗೋಲು ತಗಲುವುದು ಸಾಮಾನ್ಯ. ಇಂಥ ಸಣ್ಣ ಗಾಯದಿಂದಲೇ ಧನುರ್ವಾಯು ಬರಬಹುದೆಂಬುದನ್ನು ಭಕ್ತರೆಲ್ಲರೂ ಬಲ್ಲರು. ಆದರೆ ಗಾಯವಾದದ್ದು ಪಾದಕ್ಕೆ, ಮೊದಲು ಬಿಗಿಯುವುದು ದವಡೆ, ಇದೇಕೆ? ಇದರ ಉತ್ತರ ನಮ್ಮ ಜೀವಕೋಶಗಳೊಳಗಿನ ಅತಿ ಪ್ರಾಚೀನವಾದ ಸಾಗಾಟ ವ್ಯವಸ್ಥೆಯಲ್ಲಿದೆ.

ಬ್ಯಾಕ್ಟೀರಿಯದಂಥ ಸರಳ ಕೋಶಕ್ಕೆ ಸಾಗಾಟದ ಚಿಂತೆ ಹೆಚ್ಚಿಲ್ಲ. ಅದರ ಉದ್ದ ಸಾಮಾನ್ಯವಾಗಿ ಒಂದೆರಡು ಮೈಕ್ರೋಮೀಟರ್ ಮಾತ್ರ. ನೀರಿಗೆ ಬಿದ್ದ ಶಾಯಿ ತಾನಾಗಿ ಹರಡುವಂತೆ ಅದರೊಳಗಿನ ಪ್ರೋಟೀನು ಕ್ಷಣಮಾತ್ರದಲ್ಲಿ ಈ ತುದಿಯಿಂದ ಆ ತುದಿಗೆ ತಲುಪುತ್ತದೆ. ಆದರೆ ದೂರವು ಹತ್ತು ಪಟ್ಟಾದರೆ ಹೀಗೆ ಹರಡಲು ನೂರು ಪಟ್ಟು ಸಮಯ ಬೇಕು. ಬೆನ್ನುಹುರಿಯಿಂದ ಪಾದಕ್ಕೆ ಇಳಿಯುವ ನರಕೋಶದ ಎಳೆ ಸುಮಾರು ಒಂದು ಮೀಟರ್ ಉದ್ದವಿರುತ್ತದೆ. ಅಲ್ಲಿ ಪ್ರೋಟೀನು ಕೇವಲ ಹರಡಿಕೊಂಡೇ ತಲುಪಬೇಕೆಂದರೆ ಮನುಷ್ಯನ ಆಯುಷ್ಯ ಸಾಲದು.

150 ಕೋಟಿ ವರ್ಷಗಳಿಗೂ ಹಿಂದೆ ಹುಟ್ಟಿದ ಸಂಕೀರ್ಣ ಕೋಶಗಳು ಸರಕನ್ನು ಪೊರೆಯ ಕಿರುಚೀಲಗಳಲ್ಲಿ ಕಟ್ಟಿ ಕಳುಹಿಸುತ್ತವೆ. ಒಂದು ಕೋಣೆಯಿಂದ ಕಳಚಿದ ಚೀಲ ಇನ್ನೊಂದು ಕೋಣೆಯಲ್ಲಿ ಬೆರೆಯುತ್ತದೆ. ರ್ಯಾಬ್ ಎಂಬ ಪ್ರೋಟೀನುಗಳು ಚೀಲದ ಮೇಲಿನ ವಿಳಾಸವಿದ್ದಂತೆ. ಸ್ನೇರ್ ಎಂಬವು ಹಗ್ಗದ ಎಳೆಗಳಂತೆ ಹೆಣೆದುಕೊಂಡು ಎರಡು ಪೊರೆಗಳನ್ನು ಒಂದಾಗಿಸುತ್ತವೆ. ಈ ಸಾಗಾಟದ ನಿಯಮಗಳನ್ನು ತಿಳಿಸಿದ ರಾತ್‌ಮನ್, ಶೆಕ್‌ಮನ್, ಸುಡಾಫ್ ಅವರಿಗೆ 2013ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಶೆಕ್‌ಮನ್ನರು ಪ್ರಯೋಗ ನಡೆಸಿದ್ದು ಹಿಟ್ಟು ಹುದುಗಿಸುವ ಯೀಸ್ಟಿನ ಮೇಲೆ. ಅದರಲ್ಲಿಯೂ ನಮ್ಮಲ್ಲಿಯೂ ಮುಖ್ಯ ಭಾಗಗಳು ಒಂದೇ ಕುಲದವು.

ಇಷ್ಟೊಂದು ಕೋಣೆಗಳು ಹುಟ್ಟಿದ್ದಾದರೂ ಹೇಗೆ? ಬೆಳಗಾವಿ–ಲೋಂಡಾ ರೈಲುಮಾರ್ಗದಲ್ಲಿ ಹೊಸ ನಿಲ್ದಾಣವನ್ನು ಕಟ್ಟಿ ಅದಕ್ಕೂ ‘ದೇಸೂರ’ ಎಂದೇ ಹಲಗೆ ಹಾಕಿದರೆ ಸರಕೆಲ್ಲ ಕಲಸುಮೇಲೋಗರ. ಹಲಗೆಯ ಅಕ್ಷರಗಳನ್ನು ತುಸು ತಿದ್ದಿದರೆ ಎರಡೂ ಬೇರೆ ಬೇರೆ ನಿಲ್ದಾಣಗಳಾಗುತ್ತವೆ. ವಿಳಾಸದ ಪ್ರೋಟೀನುಗಳ ಜೀನುಗಳು ಹೀಗೆಯೇ ನಕಲಾಗಿ, ನಕಲು ಮೂಲದಿಂದ ನಿಧಾನವಾಗಿ ಬೇರೆಯಾದಂತೆ ಹೊಸ ಕೋಣೆಗಳು ಮೂಡಿದವೆಂಬುದು ವಿಜ್ಞಾನಿಗಳ ಊಹೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಮುಕುಂದ ತಟ್ಟೈ ಅವರು ರೋಹಿಣಿ ರಾಮದಾಸ್ ಅವರೊಡನೆ 2013ರಲ್ಲಿ ಪ್ರಕಟಿಸಿದ ಗಣಿತ ಮಾದರಿಯಲ್ಲಿ ಇಂಥ ನಕಲಿನಿಂದ ಹೊಸ ಕೋಣೆ ಮೂಡಬಲ್ಲುದೆಂದು ತೋರಿಸಿದರು. ಕನ್ನಡ ನೆಲದಲ್ಲಿ ಇಷ್ಟು ಮೂಲಭೂತ ಪ್ರಶ್ನೆಗೆ ಉತ್ತರ ಹುಡುಕುತ್ತಿರುವುದು ಹೆಮ್ಮೆಯ ವಿಷಯವೇ ಸರಿ.

ಚೀಲಗಳನ್ನು ದೂರಕ್ಕೆ ಒಯ್ಯುವವು ಕೈನೆಸಿನ್ ಮತ್ತು ಡೈನೀನ್ ಎಂಬ ಹಮಾಲರು. ಸೂಕ್ಷ್ಮನಾಳಗಳೆಂಬ ಹಳಿಗಳ ಮೇಲೆ, ನರದ ಎಳೆಯಲ್ಲಿ ಕೈನೆಸಿನ್ ತುದಿಯ ಕಡೆಗೂ ಡೈನೀನ್ ಬೆನ್ನುಹುರಿಯ ಕಡೆಗೂ ನಡೆಯುತ್ತವೆ. ಹೂ ಬಿಡುವ ಸಸ್ಯಗಳು ವಿಕಾಸದ ಹಾದಿಯಲ್ಲಿ ಡೈನೀನನ್ನು ಕಳೆದುಕೊಂಡು ಕೈನೆಸಿನ್ ಬಗೆಗಳನ್ನು ಹೆಚ್ಚಿಸಿಕೊಂಡಿವೆ. ಗದ್ದೆಯಲ್ಲಿನ ಭತ್ತಕ್ಕಿಲ್ಲದ ಹಮಾಲ ಅದರಲ್ಲಿ ನಿಂತ ರೈತನ ಕಾಲಿನಲ್ಲಿದ್ದಾನೆ!

ಧನುರ್ವಾಯುವಿನ ವಿಷ ಈ ಡೈನೀನಿನ ಹೆಗಲನ್ನೇ ಏರುತ್ತದೆ. ಮಣ್ಣು, ಸಗಣಿಗಳಲ್ಲಿರುವ ರೋಗಾಣು ಗಾಳಿಯಾಡದ ಆಳದ ಗಾಯದಲ್ಲಿ ವಿಷವನ್ನು ಉತ್ಪಾದಿಸುತ್ತದೆ. ಅದು ರಕ್ತದ ಮೂಲಕ ಮೈಯೆಲ್ಲ ಹರಡಿ, ಅಲ್ಲಲ್ಲಿ ನರತುದಿಗಳನ್ನು ಹೊಕ್ಕು, ಮೇಲಕ್ಕೆ ಸಾಗುತ್ತದೆ. ದವಡೆಯ ನರಗಳು ಗಿಡ್ಡವಾದ್ದರಿಂದ ಆ ದಾರಿಯ ವಿಷ ಮೊದಲು ಮುಟ್ಟುತ್ತದೆ; ಬಾಯಿ ತೆರೆಯಲಾಗುವುದಿಲ್ಲ. ಅಲ್ಲಿ ಅದು ಒಂದು ಸ್ನೇರ್ ಪ್ರೋಟೀನನ್ನು ಕತ್ತರಿಸುತ್ತದೆ. ಸ್ನಾಯುಗಳಿಗೆ ‘ಸಡಿಲವಾಗು’ ಎಂದು ಹೇಳುವ ರಾಸಾಯನಿಕದ ಚೀಲಗಳು ಬಿಚ್ಚದೆ ಉಳಿದು, ದೇಹ ಬಿಲ್ಲಿನಂತೆ ಸೆಟೆಯುತ್ತದೆ.

ನರದೊಳಗೆ ಸೇರಿದ ವಿಷವನ್ನು ಯಾವ ಪ್ರತಿವಿಷವೂ ಹಿಂತೆಗೆಯಲಾರದು. ಹೊರಗೆ ಇರುವಷ್ಟನ್ನು ಮಾತ್ರ ತಡೆಯಬಲ್ಲುದು. ಆದುದರಿಂದ ಗಾಯವನ್ನು ಕೂಡಲೇ ಸಾಬೂನು ಮತ್ತು ಹರಿಯುವ ನೀರಿನಿಂದ ತೊಳೆಯಬೇಕು. ಸಗಣಿ, ಬೂದಿ, ಮಣ್ಣು ಹಚ್ಚಬಾರದು. ಅದೇ ದಿನ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಮಕ್ಕಳಿಗೆ 10 ಮತ್ತು 16ನೆಯ ವಯಸ್ಸಿನಲ್ಲಿ, ಗರ್ಭಿಣಿಯರಿಗೆ ತಪ್ಪದೆ ಟಿ.ಡಿ. ಲಸಿಕೆ ಹಾಕಿಸಬೇಕು. ಹಿರಿಯರು ಕೊನೆಯ ಲಸಿಕೆ ಯಾವಾಗ ಆಯಿತೆಂದು ನೆನಪಿಸಿಕೊಂಡು, ಹತ್ತು ವರ್ಷ ಕಳೆದಿದ್ದರೆ ವೈದ್ಯರನ್ನು ಕೇಳಬೇಕು. ಒಮ್ಮೆ ಧನುರ್ವಾಯುವಿನಿಂದ ಬದುಕಿ ಬಂದವರಿಗೂ ಲಸಿಕೆ ಬೇಕೇ ಬೇಕು: ಕಾಯಿಲೆ ತರುವ ವಿಷದ ಪ್ರಮಾಣ ಅದೆಷ್ಟು ಅಲ್ಪವೆಂದರೆ, ದೇಹದ ರೋಗನಿರೋಧಕ ಶಕ್ತಿಗೆ ಅದರ ಗುರುತು ಸಹ ಹತ್ತುವುದಿಲ್ಲ.