ಎಷ್ಟು ತಾಕುಗಳ ಲೆಕ್ಕ ನಂಬಬಹುದು?

ಗೊಬ್ಬರ ಹೆಚ್ಚಿಸಿದಂತೆ ಇಳುವರಿ ಎಷ್ಟು ಏರುತ್ತದೆಂದು ತಿಳಿಯಲು ನಕ್ಷಾಹಾಳೆಯಲ್ಲಿ ಸರಳರೇಖೆ ಎಳೆಯುವುದುಂಟು. ಎರಡೇ ತಾಕುಗಳಿದ್ದರೆ ರೇಖೆ ಎರಡೂ ಬಿಂದುಗಳನ್ನು ಮುಟ್ಟಿಯೇ ತೀರುತ್ತದೆ. ಏರಿಕೆ ಗೊಬ್ಬರದಿಂದಲೋ, ಮಣ್ಣಿನ ಸಾರದಿಂದಲೋ ತಿಳಿಯದು.

ಬಿಂದುಗಳು ರೇಖೆಗೆ ಎಷ್ಟು ಹತ್ತಿರವೆಂದು ತೋರಿಸುವ ಅಂಕಿಯೇ ಸಹಸಂಬಂಧ ಗುಣಾಂಕ. ಇದರ ಗರಿಷ್ಠ ಬೆಲೆ 1. ಶೇ. 5ರ ಪರೀಕ್ಷಾ ಮಟ್ಟದಲ್ಲಿ 3 ತಾಕುಗಳಿಗೆ ಈ ಅಂಕಿ 0.997 ಇರಬೇಕು, 12 ತಾಕುಗಳಿದ್ದರೆ 0.576 ಸಾಕು.

ಆದ್ದರಿಂದ ರೈತ ಬಾಂಧವರು ಗೊಬ್ಬರ ಹಾಕದ ತಾಕೂ ಸೇರಿ 4 ಪ್ರಮಾಣಗಳನ್ನು ಆರಿಸಿ, ಹೊಲದ 3 ಭಾಗಗಳಲ್ಲಿಯೂ ಚೀಟಿ ಎತ್ತಿ ಹಂಚಬೇಕು. ಪ್ರತಿ ತಾಕಿನ ಫಸಲನ್ನು ಪ್ರತ್ಯೇಕವಾಗಿ ಕೊಯ್ದು ತೂಗಬೇಕು. ಪರೀಕ್ಷಿಸಿದ ಗರಿಷ್ಠ ಪ್ರಮಾಣದಾಚೆಗೆ ರೇಖೆಯನ್ನು ಮುಂದುವರಿಸಬಾರದು. ಅಲ್ಲಿ ಇಳುವರಿ ಏರದೆ, ಗೊಬ್ಬರಕ್ಕೆ ಹಾಕಿದ ಹಣ ಮರಳಿ ಬಾರದಿರಬಹುದು.